ಎರಡು ವರ್ಷದ ನಿಯಮ, ಎತ್ತಂಗಡಿಯ ರೂಢಿ

ಹಿರಿಯ ಅಧಿಕಾರಿ ಒಂದು ಹುದ್ದೆಯಲ್ಲಿ ಕನಿಷ್ಠ ಎಷ್ಟು ಕಾಲ ಇರಬೇಕೆಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ತೀರ್ಪಿತ್ತಿತು. ಅದರ ಬೆನ್ನಿಗೇ, 2014ರ ಜನವರಿಯಲ್ಲಿ ಐಎಎಸ್ ಕೇಡರ್ ನಿಯಮಗಳಿಗೆ ತಿದ್ದುಪಡಿಯಾಯಿತು. ಕೇಡರ್ ಹುದ್ದೆಗೆ ಬಂದವರು ಕನಿಷ್ಠ ಎರಡು ವರ್ಷ ಅಲ್ಲಿರಬೇಕು; ಮೊದಲೇ ಕದಲಿಸಬೇಕಾದರೆ ಮುಖ್ಯ ಕಾರ್ಯದರ್ಶಿ ನೇತೃತ್ವದ ನಾಗರಿಕ ಸೇವಾ ಮಂಡಳಿಯ ಶಿಫಾರಸು ಬೇಕು.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಆಯುಕ್ತರ ಹುದ್ದೆಯನ್ನು ಈ ಅಳತೆಯಲ್ಲಿ ನೋಡಿದರೆ ಏರುಪೇರು ಎದ್ದು ಕಾಣುತ್ತದೆ. ಎನ್. ಮಂಜುನಾಥ ಪ್ರಸಾದ್ 2016ರಿಂದ 2019ರ ಆಗಸ್ಟ್‌ವರೆಗೆ ಇದ್ದರು; ತುಷಾರ್ ಗಿರಿನಾಥ್ 2022ರಿಂದ 2025ರವರೆಗೆ. ನಡುವಿನ ಮೂರು ವರ್ಷವೂ ತುಂಬದ ಅವಧಿಗೆ ಬಿ.ಎಚ್. ಅನಿಲ್ ಕುಮಾರ್, ಮತ್ತೊಮ್ಮೆ ಮಂಜುನಾಥ ಪ್ರಸಾದ್, ಆಮೇಲೆ ಗೌರವ್ ಗುಪ್ತ. ಒಂದು ಬದಲಾವಣೆ 2020ರ ಜುಲೈಯಲ್ಲಿ, ಕೋವಿಡ್ ಏರುತ್ತಿದ್ದಾಗ. ಇನ್ನೊಂದು 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಅಪ್ಪಳಿಸುವ ಹೊತ್ತಿಗೆ. ಹಾಸಿಗೆ ಹಂಚಿಕೆಯಿಂದ ಚಿತಾಗಾರದವರೆಗೆ ಎಲ್ಲವೂ ಪಾಲಿಕೆಯ ಹೆಗಲ ಮೇಲಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಚುಕ್ಕಾಣಿ ಕೈ ಬದಲಾಯಿಸಿದ್ದನ್ನು ಒಪ್ಪುವುದು ಕಷ್ಟ.

ಇದರ ಪೆಟ್ಟು ಬಡಾವಣೆಗಳಲ್ಲಿ ಗೊತ್ತಾಗುತ್ತದೆ. ಅನ್ನಪೂರ್ಣೇಶ್ವರಿ ನಗರದ ಒಂದು ಅಡ್ಡರಸ್ತೆಗೆ ಚರಂಡಿ ಆಗಬೇಕಾದರೂ ಅಂದಾಜು ಪಟ್ಟಿ, ಜಾಬ್ ಕೋಡ್, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು ಎಲ್ಲವನ್ನೂ ದಾಟಬೇಕು. ಮೇಲಿನವರು ಬದಲಾದಾಗ ಆದ್ಯತೆ ಬದಲಾಗುತ್ತದೆ, ಕಡತ ಮರುಪರಿಶೀಲನೆಗೆ ಹೋಗುತ್ತದೆ, ಅಗೆದ ಗುಂಡಿ ಮಳೆಗಾಲಕ್ಕೆ ಸಿಕ್ಕಿಬೀಳುತ್ತದೆ. ಕೆಲಸ ಕೆಟ್ಟರೆ ಹೊಣೆ ಯಾರದೆಂದು ಕೇಳಲೂ ಆಗದು. ಶುರು ಮಾಡಿದವರು ಅಲ್ಲಿರುವುದೇ ಇಲ್ಲ.

ವರ್ಗಾವಣೆಯೇ ತಪ್ಪೆನ್ನಲಾಗದು. ಒಂದೇ ಕುರ್ಚಿಯಲ್ಲಿ ಬಹುಕಾಲ ಕೂತರೆ ಗುತ್ತಿಗೆದಾರರ ನಂಟು ಗಟ್ಟಿಯಾಗುವ ಅಪಾಯವೂ ಇದೆ. ದೋಷವಿರುವುದು ನಿಯಮದ ಹಿಂಬಾಗಿಲಲ್ಲಿ: ಕಾರಣ ದಾಖಲಿಸಿ ಮಂಡಳಿಯ ಶಿಫಾರಸನ್ನು ತಳ್ಳಿಹಾಕುವ ಅಧಿಕಾರ ಸರ್ಕಾರಕ್ಕಿದೆ, ಆ ಕಾರಣ ಕಡತದಲ್ಲೇ ಉಳಿಯುತ್ತದೆ. ಜನರ ಕಣ್ಣಿಗೆ ಬೀಳುವ ಆದೇಶದಲ್ಲಿ ಸಾಮಾನ್ಯವಾಗಿ ಇರುವುದು ‘ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ’ ಎಂಬ ಸಾಲು. 2020ರ ಆಗಸ್ಟ್ ಕೊನೆಗೆ ಮೈಸೂರು ಜಿಲ್ಲಾಧಿಕಾರಿಯಾಗಿ ಬಂದ ಬಿ. ಶರತ್ ಅವರನ್ನು ಒಂದೇ ತಿಂಗಳಲ್ಲಿ ಎತ್ತಂಗಡಿ ಮಾಡಲಾಯಿತು. ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಆದರೆ ಎಲ್ಲರೂ ಹಾಗೆ ಸೆಣಸುವುದಿಲ್ಲ. ಸೆಣಸಿದವರಿಗೆ ಮುಂದಿನ ಹುದ್ದೆಯ ಅಳುಕು ಇದ್ದೇ ಇರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ಆಯುಕ್ತರ ಹುದ್ದೆ ಈಗ ಐದು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರು. ಅವಧಿ ತುಂಬುವ ಮೊದಲೇ ಇವರನ್ನು ಬದಲಿಸುವುದಾದರೆ, ಮಂಡಳಿಯ ಶಿಫಾರಸನ್ನೂ ಸರ್ಕಾರ ಕೊಟ್ಟ ಕಾರಣವನ್ನೂ ಆದೇಶದ ಜೊತೆಗೇ ಪ್ರಕಟಿಸುವುದು ಕಡ್ಡಾಯವಾಗಬೇಕು.