ಬಲ್ಮಠದ ಕೋಶಗಳ ಹಳೆಯ ಇಂಗ್ಲಿಷ್

ಕನ್ನಡ ಪದವೊಂದರ ಅರ್ಥದ ಬಗ್ಗೆ ವಾದ ಎದ್ದರೆ ನಮ್ಮ ಸಂಶೋಧಕರು ಕಿಟೆಲ್ ಕೋಶ ತೆರೆಯುತ್ತಾರೆ; ತುಳುವಿನ ಮಾತು ಬಂದರೆ ಮ್ಯಾನರ್. ಅಲ್ಲಿರುವ ಇಂಗ್ಲಿಷ್ ಅರ್ಥವನ್ನು ಎತ್ತಿ ಬರೆದರೆ ವಾದ ಮುಗಿಯಿತು ಎಂಬುದು ರೂಢಿ. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಈ ಕೋಶಗಳಲ್ಲಿ ಕನ್ನಡ, ತುಳುಗಳಷ್ಟೇ ಇಂಗ್ಲಿಷ್ ಕೂಡ ಹಳೆಯದು. ಎಡಬದಿಯ ಪದಕ್ಕೆ ಚರಿತ್ರೆ ಇದೆಯೆಂದು ಬಲ್ಲ ನಾವು ಬಲಬದಿಯ ಪದವನ್ನು ಇವತ್ತಿನ ಪತ್ರಿಕೆಯ ಇಂಗ್ಲಿಷಿನಂತೆ ಓದುತ್ತೇವೆ. ತಪ್ಪು ಹುಟ್ಟುವುದು ಅಲ್ಲಿ.

ಈ ಕೆಲಸದ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ಕೋಶ ಕೊಟ್ಟರು. ಅರ್ಥ ಹೇಳಿ ಸುಮ್ಮನಾಗದೆ ಹಳಗನ್ನಡದ ಕೃತಿಗಳಿಂದ ಪ್ರಯೋಗಗಳನ್ನೂ ತೋರಿಸಿದರು. ಅದೇ ಮಿಷನ್ನಿನ ಮ್ಯಾನರ್ 1886ರಲ್ಲಿ ತುಳು-ಇಂಗ್ಲಿಷ್ ಕೋಶವನ್ನೂ 1888ರಲ್ಲಿ ಇಂಗ್ಲಿಷ್-ತುಳು ಕೋಶವನ್ನೂ ತಂದರು. ಆದರೆ ಬಾಸೆಲ್ ಮಿಷನ್ನಿನವರಲ್ಲಿ ಹೆಚ್ಚಿನವರು ಜರ್ಮನ್ ಮಾತಿನವರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆ, ಅದೂ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್. ಈ ಸಂಗತಿಯನ್ನು ಎಲ್ಲರೂ ಬಲ್ಲರು. ಕೋಶ ತೆರೆದಾಗ ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತೆನೆ ಎಂಬ ಪದ ನೋಡಿ. ಅದನ್ನು ವಿವರಿಸಲು ಕಿಟೆಲ್ ಬಳಸುವ ಇಂಗ್ಲಿಷ್ ಪದ ‘ಕಾರ್ನ್’. ಇಂದಿನ ವಿದ್ಯಾರ್ಥಿಗೆ ಕಾರ್ನ್ ಎಂದರೆ ಜೋಳ, ಅದರಲ್ಲೂ ಮುಸುಕಿನ ಜೋಳ. ಅಂದಿನ ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ಯಾವುದೇ ಧಾನ್ಯ. ಮುಸುಕಿನ ಜೋಳಕ್ಕೆ ‘ಇಂಡಿಯನ್ ಕಾರ್ನ್’ ಎಂಬ ಬೇರೆ ಹೆಸರಿತ್ತು. ಭತ್ತ ಬೆಳೆಯುವ ಕರಾವಳಿಯಲ್ಲಿ ಕೂತು ತೆನೆಯನ್ನು ಮುಸುಕಿನ ಜೋಳ ಎಂದುಕೊಳ್ಳುವ ಪ್ರಮಾದಕ್ಕೆ ಕಾರಣ ಕಿಟೆಲ್ ಅಲ್ಲ, ನಮ್ಮ ಓದು. ‘ವಾಂಟ್’ ಅಂದು ಮುಖ್ಯವಾಗಿ ಕೊರತೆ, ಇಂದು ಬಯಕೆ. ‘ಇಂಟರ್‌ಕೋರ್ಸ್’ ಅಂದು ಒಡನಾಟ, ವ್ಯವಹಾರ. ಇಂದು ಬೇರೆಯೇ ಅರ್ಥ. ಇವು ಹಳೆಯ ಕೋಶದೊಳಗೇ ಉಳಿದಿವೆ ಎಂದುಕೊಳ್ಳಬೇಡಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದ ಕೋಶ 1961ರಲ್ಲಿ ಬಂತು, ಪರಿಷ್ಕೃತ ಮುದ್ರಣ 1984ರಲ್ಲಿ. ಅದರ ಕನ್ನಡ ನಮೂದುಗಳ ಮುಖ್ಯ ಆಧಾರವೇ ಕಿಟೆಲ್. ಕಿಟೆಲ್ ಬರೆದ ಇಂಗ್ಲಿಷ್ ಹಾಗೆ ಇಂದಿನ ಭಾಷಾವಿಜ್ಞಾನದ ಮೇಜಿನ ಮೇಲೂ ಇದೆ.

ಇವೆಲ್ಲ ಸಣ್ಣ ವಿಷಯ, ಸಂದರ್ಭ ನೋಡಿದರೆ ತಿಳಿಯುತ್ತದೆ ಎಂದು ಆಕ್ಷೇಪಿಸಬಹುದು. ಧಾನ್ಯದ ಮಟ್ಟಿಗೆ ಒಪ್ಪುತ್ತೇನೆ. ಆದರೆ ತುಳುನಾಡಿನ ಮುಖ್ಯ ಜಗಳವೊಂದು ನಿಂತಿರುವುದೇ ಇಂಥ ಪದದ ಮೇಲೆ. ಆ ಪದ ‘ಡೆವಿಲ್’.

ಎ. ಸಿ. ಬರ್ನೆಲ್ ಸಂಗ್ರಹದ ಪಾಡ್ದನಗಳು, ಅಂದರೆ ತುಳುವಿನ ಕಥನ ಹಾಡುಗಳು, ಅವರು ತೀರಿಕೊಂಡ ಬಳಿಕ, 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ‘ತುಳುವರ ಡೆವಿಲ್ ವರ್ಷಿಪ್’ ಎಂಬ ತಲೆಬರಹದಡಿ ಅಚ್ಚಾದವು. ಇದರ ಬಗ್ಗೆ ಎರಡು ಸಿದ್ಧ ಅಭಿಪ್ರಾಯಗಳಿವೆ. ಮಿಷನರಿಗಳು ನಮ್ಮ ದೈವಗಳನ್ನು ಸೈತಾನನೆಂದು ಕರೆದರು ಎಂಬುದು ಒಂದು. ಅದು ಆ ಕಾಲದ ಪದ, ಅದರಲ್ಲಿ ಕೆಡುಕಿಲ್ಲ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡೂ ಅರೆ ಓದು.

ಮೊದಲನೆಯವರು ಪದದ ಅಂದಿನ ವ್ಯಾಪ್ತಿಯನ್ನು ಮರೆತಿದ್ದಾರೆ. 1611ರ ಇಂಗ್ಲಿಷ್ ಬೈಬಲ್ ಗ್ರೀಕಿನ ಎರಡು ಬೇರೆ ಪದಗಳಿಗೆ ಒಂದೇ ‘ಡೆವಿಲ್’ ಬಳಸಿತ್ತು: ಒಂದು ಸೈತಾನನಿಗೆ ಹೇಳುವ ‘ಡಿಯಾಬೊಲೊಸ್’, ಇನ್ನೊಂದು ಮನುಷ್ಯರ ಮೈಮೇಲೆ ಬರುವ ‘ಡೈಮೋನಿಯನ್’. 1881ರ ಪರಿಷ್ಕೃತ ಹೊಸ ಒಡಂಬಡಿಕೆಯೂ ‘ಡೀಮನ್’ ಎಂಬುದನ್ನು ಅಂಚಿನ ಟಿಪ್ಪಣಿಗೆ ಸರಿಸಿ, ಪಠ್ಯದಲ್ಲಿ ‘ಡೆವಿಲ್’ ಉಳಿಸಿಕೊಂಡಿತು. ಆದ್ದರಿಂದ ಅಂದಿನ ಓದುಗನಿಗೆ ಡೆವಿಲ್ ಎಂದರೆ ಸೈತಾನನೊಬ್ಬನೇ ಅಲ್ಲ, ಮೈಮೇಲೆ ಬರುವ ಶಕ್ತಿಯೂ ಹೌದು. ಬರ್ನೆಲ್ ಮಿಷನರಿಯೂ ಅಲ್ಲ, ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ. ಆರೋಪ ಮಾಡುವವರು ಯಾರ ಮೇಲೆ ಎಂಬುದನ್ನಾದರೂ ಸರಿಯಾಗಿ ಗುರುತಿಸಬೇಕು.

ಹಾಗೆಂದು ಎರಡನೆಯವರಿಗೆ ಗೆಲುವು ಕೊಡಲಾರೆ. ಬೈಬಲಿನ ಆ ಶಕ್ತಿಗಳು ಬಿಡಿಸಿ ಓಡಿಸಬೇಕಾದಂಥವು. ನಮ್ಮ ದೈವ, ಅಂದರೆ ಭೂತ, ಕೋಲ ಕಟ್ಟಿ ಕರೆಯಬೇಕಾದದ್ದು. ಬರ್ನೆಲ್ ಹೆನ್ರಿ ಯೂಲ್ ಜೊತೆ ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶ ‘ಡೆವಿಲ್ ವರ್ಷಿಪ್’ ಎಂಬುದು ಭೂತಪೂಜೆಯ ಅಕ್ಷರಶಃ ಅನುವಾದ ಎನ್ನುತ್ತದೆ. ಇದು ತಪ್ಪು. ಸಂಸ್ಕೃತದ ಭೂತಕ್ಕೆ ‘ಆದದ್ದು’, ‘ಇರುವ ಜೀವಿ’ ಎಂಬ ಅರ್ಥಗಳೂ ಇವೆ; ಕನ್ನಡದಲ್ಲಿ ಪಿಶಾಚಿ ಎಂಬ ಅರ್ಥ ಇರುವುದೂ ನಿಜ. ಆದರೆ ತುಳುವರ ಬಾಯಲ್ಲಿ ಭೂತ ನ್ಯಾಯ ಹೇಳುವ ಶಕ್ತಿ; ಅವರು ಅದನ್ನು ‘ಸತ್ಯ’ ಎಂದೇ ಕರೆಯುತ್ತಾರೆ. ಆ ಸಂಗ್ರಹದೊಳಗೇ ಕೋಟಿ-ಚೆನ್ನಯರ ಪಾಡ್ದನವಿದೆ. ಅನ್ಯಾಯಕ್ಕೆ ಎದುರು ನಿಂತು ಸತ್ತ ಅವಳಿ ವೀರರು ಗರಡಿಗಳಲ್ಲಿ ಆರಾಧನೆ ಪಡೆದ ಕಥೆ ಅದು. ತಲೆಬರಹ ಹೇಳಿದ್ದನ್ನು ಒಳಗಿನ ಪಠ್ಯವೇ ಅಲ್ಲಗಳೆಯುತ್ತದೆ. ಹಳೆಯ ಬಳಕೆ ಎಂಬ ಕಾರಣ ಕಾರ್ನ್‌ಗೆ ಸಲ್ಲುತ್ತದೆ, ಡೆವಿಲ್‌ಗೆ ಸಲ್ಲುವುದಿಲ್ಲ. ಆ ಪದದಲ್ಲಿ ಅಂದೂ ತೀರ್ಪು ಸೇರಿಕೊಂಡೇ ಇತ್ತು.

ವಿಮರ್ಶೆ ಮಾಡಬೇಕಾದ ಕೆಲಸ ಇದೇ: ಯಾವ ಪದದ ಅರ್ಥ ಕಾಲದಿಂದ ಜಾರಿದೆ, ಯಾವ ಪದ ಬರೆದ ದಿನವೇ ತೀರ್ಪು ಹೇಳಿತ್ತು ಎಂದು ಬೇರೆ ಮಾಡಿ ತೋರಿಸುವುದು. ಎಲ್ಲವನ್ನೂ ಪೂರ್ವಗ್ರಹವೆಂದು ತಳ್ಳಿದರೆ ಕಿಟೆಲ್‌ಗೆ ಅನ್ಯಾಯ. ಎಲ್ಲವನ್ನೂ ಕಾಲಧರ್ಮವೆಂದು ಮನ್ನಿಸಿದರೆ ತುಳುವರಿಗೆ ಅನ್ಯಾಯ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ, ಉಡುಪಿಯಲ್ಲಿ, ಕಾಸರಗೋಡಿನಲ್ಲಿ ಕನ್ನಡ-ತುಳು ಕಲಿಸುವವರಲ್ಲಿ ನನ್ನ ವಿನಂತಿ ಇಷ್ಟು: ಈ ಕೋಶಗಳ ಅರ್ಥವನ್ನು ಉಲ್ಲೇಖಿಸುವಾಗ ಅದರ ಇಸವಿಯನ್ನೂ ಬರೆಯಿಸಿ, ಪಕ್ಕದಲ್ಲಿ ಇಂಗ್ಲಿಷಿನ ಒಂದು ಚಾರಿತ್ರಿಕ ನಿಘಂಟನ್ನೂ ತೆರೆದಿಡಲು ಹೇಳಿ. 1894ರ ಇಂಗ್ಲಿಷನ್ನು 1894ರ ಇಂಗ್ಲಿಷ್ ಆಗಿಯೇ ಓದದವನ ಕೈಯಲ್ಲಿ ಕಿಟೆಲ್ ಕೋಶ ಪ್ರಮಾಣವಾಗಲಾರದು.