ಆರು ಗಂಟೆಗೆ ಎದ್ದು ಹೋದ ಸಿಸ್ಟರ್

ಕ್ಯಾಥೊಲಿಕ್ ಸನ್ಯಾಸಿನಿಯರಿಂದ ನಮ್ಮ ಆಡುಮಾತಿಗೆ ಎರಡು ಶಬ್ದ ಬಂದಿವೆ. ಒಂದು ಸಿಸ್ಟರ್, ಇನ್ನೊಂದು ಕಾನ್ವೆಂಟ್. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಬೆಳೆದ ನನಗೆ ಸಿಸ್ಟರ್ ಅಂದ್ರೆ ದವಾಖಾನಿಯಲ್ಲಿ ಸೂಜಿ ಮಾಡುವಾಕಿ. ಕಾನ್ವೆಂಟ್ ಅಂದ್ರೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಮೀಡಿಯಂ ಸಾಲಿ. ಅಲ್ಲಿ ಒಬ್ಬ ಸನ್ಯಾಸಿನಿಯೂ ಇರಬೇಕಾಗಿಲ್ಲ. ಬಸವಣ್ಣನ ಹೆಸರಿಟ್ಟ ಸಾಲಿಗೂ ನಮ್ಮ ಕಡೆ ಕಾನ್ವೆಂಟ್ ಅಂತಲೇ ಅಂತಾರೆ. ಒಂದು ಮನೆಯಲ್ಲಿ ಕೂಡಿ ಬಾಳುತ್ತಾ, ದಿನಕ್ಕೆ ಹಲವು ಸಲ ಪ್ರಾರ್ಥನೆಗೆ ಕೂಡುವ ಹೆಂಗಸರ ಮಠ ಅನ್ನೋದು ಆ ಶಬ್ದದ ಮೂಲ ಅರ್ಥ ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ.

ಗಮನಿಸಿ ನೋಡಿ, ಎರಡೂ ಶಬ್ದಗಳಲ್ಲಿ ನಾವು ಇಟ್ಟುಕೊಂಡಿದ್ದು ಸೇವೆಯನ್ನು ಮಾತ್ರ. ಪ್ರಾರ್ಥನೆ ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು.

ಇದು ತಲೆಗೆ ಹೊಕ್ಕಿದ್ದು ಒಂದು ಹಳೇ ಸಿನಿಮಾದಿಂದ. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯ ಮಾತು ಹೇಳಬೇಕು.

ಆರು ವರ್ಷದ ಹಿಂದೆ ಅವ್ವಗ ಲಕ್ವಾ ಹೊಡೀತು. ಸಿಸ್ಟರ್‌ಗಳು ನಡೆಸುವ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟಿದ್ದೆವು. ಹಗಲು ನಾನು, ರಾತ್ರಿ ಅಕ್ಕ. ನಿಜ ಹೇಳಬೇಕಂದ್ರೆ ಹಗಲೂ ಅಕ್ಕನೇ, ನಾನು ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಿದ್ದೆ. ವಾರ್ಡಿನಲ್ಲಿ ವಯಸ್ಸಾದ ಒಬ್ಬ ಸಿಸ್ಟರ್ ಇದ್ದರು. ಅವ್ವನ ಬಾಯಿ ಒರೆಸೋದು, ಹೊರಳಿಸಿ ಮಲಗಿಸೋದು, ಬೆನ್ನಿಗೆ ಪೌಡರ್ ಹಾಕೋದು, ಎಲ್ಲಾ ಅಕ್ಕನಿಗೆ ಕಲಿಸಿದ್ದು ಅವರೇ. ಸಂಜೆ ಆರಕ್ಕೆ ಒಂದು ಗಂಟೆ ಬಾರಿಸುತ್ತಿತ್ತು. ಅವರು ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬ ನರ್ಸಿಗೆ ಒಪ್ಪಿಸಿ, ಕೈ ತೊಳೆದು ಚಾಪೆಲ್ಲಿಗೆ ಹೋಗಿಬಿಡುತ್ತಿದ್ದರು. ಮೊದಲ ದಿನ ನನಗೆ ಸಿಟ್ಟೇ ಬಂತು. ಪೇಷೆಂಟಿಗಿಂತ ಪ್ರಾರ್ಥನೆ ದೊಡ್ಡದೇ? ಅಕ್ಕ ಮಾತ್ರ ಅವರು ಹೋದ ಬಾಗಿಲನ್ನೇ ನೋಡುತ್ತಾ ಅಂದಳು: "ಆಕಿಗಿ ಹೋಗಾಕ ಒಂದು ಜಾಗ ಐತಿ ನೋಡೊ."

ಆಗ ಆ ಮಾತು ನನಗೆ ತಿಳಿಯಲಿಲ್ಲ.

ಹೋದ ವರ್ಷ ಒಂದು ಆನ್‌ಕಾಲ್ ರಾತ್ರಿ ನಿದ್ದೆ ಬಾರದೆ 'ದಿ ನನ್ಸ್ ಸ್ಟೋರಿ' ನೋಡಿದೆ. 1959ರ ಸಿನಿಮಾ, ನಿರ್ದೇಶಕ ಫ್ರೆಡ್ ಜಿನ್ನೆಮನ್, ಮುಖ್ಯ ಪಾತ್ರದಲ್ಲಿ ಆಡ್ರಿ ಹೆಪ್‌ಬರ್ನ್. ಕ್ಯಾಥರಿನ್ ಹ್ಯೂಮ್ 1956ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಆ ಕಾದಂಬರಿಗೆ ಆಧಾರ ಮರೀ ಲೂಯಿಸ್ ಹಾಬೆಟ್ಸ್ ಎಂಬ ಬೆಲ್ಜಿಯಂ ನರ್ಸಿನ ನಿಜ ಬದುಕು. ಎಂಟು ಆಸ್ಕರ್ ನಾಮನಿರ್ದೇಶನ ಸಿಕ್ಕು ಒಂದೂ ಗೆಲ್ಲಲಿಲ್ಲ.

ಕಥೆ ಇಷ್ಟು. ದೊಡ್ಡ ಸರ್ಜನ್ ಒಬ್ಬರ ಮಗಳು ಗೇಬ್ರಿಯೆಲ್ ಮಠ ಸೇರಿ ಸಿಸ್ಟರ್ ಲ್ಯೂಕ್ ಆಗುತ್ತಾಳೆ. ಆಕೆಗೆ ಇರೋದು ಒಂದೇ ಆಸೆ: ಕಾಂಗೋಗೆ ಹೋಗಿ ರೋಗಿಗಳ ಸೇವೆ ಮಾಡಬೇಕು. ನರ್ಸಿಂಗಿನಲ್ಲಿ ಆಕೆ ಬಲು ಜಾಣೆ. ವಿಧೇಯತೆಯಲ್ಲಿ ಮಾತ್ರ ಮತ್ತೆ ಮತ್ತೆ ಎಡವುತ್ತಾಳೆ. ಉಷ್ಣವಲಯದ ರೋಗಗಳ ಪರೀಕ್ಷೆಗೆ ಕೂರುವ ಮುಂಚೆ ಮೇಲಿನ ಮದರ್ ಆಕೆಯನ್ನು ಕೇಳುತ್ತಾರೆ, ವಿನಯಕ್ಕೋಸ್ಕರ ಬೇಕಂತಲೇ ಫೇಲಾಗುತ್ತೀಯಾ ಅಂತ. ಹಿರಿಯ ಸಿಸ್ಟರ್ ಒಬ್ಬರಿಗೆ ಆಕೆಯ ಜಾಣತನ ನುಂಗಲಾರದ ತುತ್ತಾಗಿರುತ್ತದೆ. ಲ್ಯೂಕ್ ಆ ರಾತ್ರಿಯೆಲ್ಲಾ ಒದ್ದಾಡಿ, ಕಡೆಗೆ ಎಂಬತ್ತು ಜನರಲ್ಲಿ ನಾಲ್ಕನೆಯವಳಾಗಿ ಪಾಸಾಗುತ್ತಾಳೆ. ಆದರೂ ಆಕೆಯನ್ನು ಕಾಂಗೋಗೆ ಕಳಿಸೋದಿಲ್ಲ, ಹುಚ್ಚಾಸ್ಪತ್ರೆಗೆ ಹಾಕುತ್ತಾರೆ.

ಅಪ್ರೈಸಲ್ ಕೂತು ಬಂದ ಯಾರಿಗೇ ಆಗಲಿ ಈ ದೃಶ್ಯ ನೋಡಿದರೆ ರಕ್ತ ಕುದಿಯುತ್ತದೆ. ನನಗೂ ಕುದೀತು.

ಈ ಸಿನಿಮಾದ ದೊಡ್ಡತನ ಇರೋದು ಅದು ತುಳಿಯದ ದಾರಿಗಳಲ್ಲಿ. ಕಾಂಗೋದಲ್ಲಿ ಡಾಕ್ಟರ್ ಫಾರ್ಚುನಾಟಿ ಬರುತ್ತಾನೆ. ಬುದ್ಧಿವಂತ, ದೇವರನ್ನು ನಂಬದವ, ಆಕೆಯ ಕೆಲಸದ ಬೆಲೆ ಗೊತ್ತಿದ್ದವ. ನಮ್ಮ ಸಿನಿಮಾ ಆಗಿದ್ದರೆ ಇಂಟರ್ವಲ್ಲಿನ ಹೊತ್ತಿಗೆ ಒಂದು ಮಳೆ ಹಾಡು ಗ್ಯಾರಂಟಿ ಇರುತ್ತಿತ್ತು. ಜಿನ್ನೆಮನ್ ಅದನ್ನು ಮಾಡೋದಿಲ್ಲ. ಲ್ಯೂಕ್ ಮಠ ಬಿಡೋದು ಯಾವ ಗಂಡಸಿಗಾಗಿಯೂ ಅಲ್ಲ. ಯುದ್ಧದಲ್ಲಿ ಜರ್ಮನರು ಆಕೆಯ ಅಪ್ಪನನ್ನು ಕೊಂದಾಗ, ಕ್ಷಮಿಸು ಅನ್ನುವ ವ್ರತವನ್ನು ಪಾಲಿಸಲು ಆಕೆಗೆ ಆಗುವುದಿಲ್ಲ. ಆಗದ್ದನ್ನು ಆಗಿದೆ ಅಂತ ನಟಿಸಲು ಆಕೆಗೆ ಮನಸ್ಸಿಲ್ಲ. ಕೊನೆಯಲ್ಲಿ ಒಂದು ಕೋಣೆಯಲ್ಲಿ ಮಾಮೂಲಿ ಬಟ್ಟೆ ಉಟ್ಟು, ಗುಂಡಿ ಒತ್ತಿ, ತೆರೆದ ಬಾಗಿಲಿನಿಂದ ಹೊರಗೆ ನಡೆಯುತ್ತಾಳೆ. ಹಿನ್ನೆಲೆ ಸಂಗೀತ ಇಲ್ಲ. ಗೆದ್ದಳೋ ಸೋತಳೋ ಅಂತ ನಿರ್ದೇಶಕ ನಮಗೆ ಹೇಳಿಕೊಡುವುದಿಲ್ಲ.

ಇನ್ನು ನನ್ನ ತಕರಾರು. ಮೊದಲನೆಯದು ಎದ್ದು ಕಾಣುವಂಥದ್ದು. ಕಾಂಗೋದ ಜನ ಈ ಸಿನಿಮಾದಲ್ಲಿ ಬರೀ ಹಿನ್ನೆಲೆ. ರೋಗಿಗಳಾಗಿ ಬರುತ್ತಾರೆ, ಕೈಕೆಳಗಿನವರಾಗಿ ಬರುತ್ತಾರೆ, ಒಬ್ಬ ಕೊಲೆಗಾರನಾಗಿ ಬರುತ್ತಾನೆ. ಅವರಿಗೆ ಈ ಸಿಸ್ಟರ್‌ಗಳ ಬಗ್ಗೆ ಏನನ್ನಿಸಿತು ಅಂತ ಯಾರೂ ಕೇಳೋದಿಲ್ಲ. ಲಕ್ವಾ ಹೊಡೆದ ತಾಯಿಯ ಮಂಚದ ಪಕ್ಕ ಕೂತಿದ್ದವನಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಎರಡನೆಯ ತಕರಾರು ಗಂಟೆಯ ಬಗ್ಗೆ. ಮಠದ ನಿಯಮ ಏನಂದ್ರೆ, ಗಂಟೆ ಬಾರಿಸಿದ ಕೂಡಲೇ ಆಡುತ್ತಿದ್ದ ಮಾತನ್ನೂ ನಡುವೆಯೇ ನಿಲ್ಲಿಸಿ ಏಳಬೇಕು. ಸಿನಿಮಾದಲ್ಲಿ ಈ ಗಂಟೆ ಯಾವಾಗಲೂ ವೈರಿ. ಆಕೆ ರೋಗಿಯ ಹತ್ತಿರ ಇದ್ದಾಗ, ಕೆಲಸ ಕೈಹತ್ತಿದಾಗ, ಸರಿಯಾಗಿ ಆಗಲೇ ಬಾರಿಸುತ್ತದೆ. ನೋಡುವ ನಾವು ಪ್ರತಿ ಸಲವೂ ಗಂಟೆಯ ವಿರುದ್ಧ, ಕೆಲಸದ ಪರ. ಪ್ರಾರ್ಥನೆಯ ಸಾಲುಗಳನ್ನು, ಬಾಗಿದ ತಲೆಗಳನ್ನು ಕ್ಯಾಮೆರಾ ಬಹಳ ಚೆಂದ ತೋರಿಸುತ್ತದೆ. ಆದರೆ ಪ್ರಾರ್ಥನೆಯಿಂದ ಒಬ್ಬಳಿಗಾದರೂ ಏನಾದರೂ ಸಿಕ್ಕಿದ್ದನ್ನು ತೋರಿಸುವುದಿಲ್ಲ. ಅಂದ್ರೆ ಸಿನಿಮಾ ಕೂಡ ನಮ್ಮೂರಿನ ಹಾಗೆಯೇ. ಅದಕ್ಕೂ ಸಿಸ್ಟರ್ ಅಂದ್ರೆ ನರ್ಸ್. ಪ್ರಾರ್ಥನೆ ಅಂದ್ರೆ ಡ್ಯೂಟಿಗೆ ಅಡ್ಡ ಬರುವ ಮೀಟಿಂಗು.

ಹೀಗೆ ನೋಡಿದರೆ ಕರ್ನಾಟಕದ್ದೇ ಚರಿತ್ರೆ ಅರ್ಥವಾಗುವುದಿಲ್ಲ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಎರಡು ಬಗೆಯ ಕಾರ್ಮೆಲ್ ಸಿಸ್ಟರ್‌ಗಳು ಬಂದರು. ಒಂದು, 1868ರಲ್ಲಿ ಬಯೋನ್‌ನಲ್ಲಿ ಮದರ್ ವೆರೋನಿಕಾ ಸ್ಥಾಪಿಸಿದ ಅಪೊಸ್ತೊಲಿಕ್ ಕಾರ್ಮೆಲ್. ಇವರದು ಶಿಕ್ಷಣದ ಕೆಲಸ. 1921ರಲ್ಲಿ ಸೇಂಟ್ ಆಗ್ನೆಸ್ ಎಂಬ ಹೆಣ್ಣುಮಕ್ಕಳ ಕಾಲೇಜು ತೆರೆದವರು ಇವರೇ. ಇನ್ನೊಂದು ಗುಂಪು ಮುಚ್ಚಿದ ಮಠದವರು, ಗೋಡೆಯೊಳಗೇ ಇದ್ದು ಪ್ರಾರ್ಥನೆ ಮಾಡುವವರು. ಅವರಲ್ಲಿ ಕೆಲವರು ಬರುವ ದಾರಿಯಲ್ಲೇ ತೀರಿಕೊಂಡರು. ಬಂದು ಮುಟ್ಟಿದವರಲ್ಲಿ ಗಲಿಲೀ ಸೀಮೆಯ ಬಡ ಹುಡುಗಿ ಮರಿಯಂ ಬವಾರ್ದಿ ಇದ್ದಳು. 1871ರಲ್ಲಿ ಮಂಗಳೂರಿನಲ್ಲೇ ವ್ರತ ತೊಟ್ಟಳು, ಮರುವರ್ಷ ಫ್ರಾನ್ಸಿಗೆ ಮರಳಿದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಬೆಂಗಳೂರಿನಲ್ಲೂ ಅಷ್ಟೇ. ಗುಡ್ ಶೆಫರ್ಡ್ ಸಿಸ್ಟರ್‌ಗಳು 1854ರಲ್ಲಿ ಬಂದು ಶಾಲೆ ತೆರೆದರು, 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದರು. ನೃಪತುಂಗ ರಸ್ತೆಯಲ್ಲಿ ಓಡಾಡುವ ನಮಗೆ ಅದು ಕಾಣುತ್ತದೆ. ಶಾಲೆ ಕಾಣುತ್ತದೆ, ಕಾಲೇಜು ಕಾಣುತ್ತದೆ. ಮುಚ್ಚಿದ ಮಠ ಕಾಣೋದಿಲ್ಲ. ಇದನ್ನು ನನ್ನ ಟೀಮಿನ ಗೆಳೆಯನಿಗೆ ಹೇಳಿದಾಗ ಅವನು ತಕ್ಷಣ ಕೇಳಿದ: "ಹಂಗಾದ್ರೆ ಅವರ ಔಟ್‌ಪುಟ್ ಏನು ಮಗಾ?"

ಆ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು. ಆದರೆ ನಮ್ಮ ಕಡೆ ಸ್ವಾಮಿಗಳು ಅನುಷ್ಠಾನಕ್ಕೆ ಕೂತರೆ ಔಟ್‌ಪುಟ್ ಏನು ಅಂತ ಯಾರಾದರೂ ಕೇಳುತ್ತಾರೇನು? ಇಪ್ಪತ್ತೊಂದು ದಿನ ಮೌನ ಇದ್ದರೆ ಊರಿಗೇ ಭಾಗ್ಯ ಅಂತಾರೆ, ಟ್ರ್ಯಾಕ್ಟರಿನಲ್ಲಿ ಜನ ಬರುತ್ತಾರೆ. ಅದೇ ಊರಿನಲ್ಲಿ ಒಬ್ಬ ಹೆಂಗಸು ಅರ್ಧ ತಾಸು ಕಣ್ಣು ಮುಚ್ಚಿ ಕೂತರೆ "ಏನ್ ಕೆಲಸಿಲ್ಲೇನ ಈಕಿಗಿ" ಅಂತಾರೆ. ಗಂಡಸಿನ ಧ್ಯಾನಕ್ಕೆ ಬೆಲೆ ತಾನಾಗೇ ಬರುತ್ತದೆ. ಹೆಂಗಸಿನ ಧ್ಯಾನಕ್ಕೆ ಸೇವೆಯ ರಸೀದಿ ತೋರಿಸಬೇಕು. ಅಕ್ಕಮಹಾದೇವಿಯ ಹೆಸರಿಟ್ಟುಕೊಂಡ ನಾಡಿನಲ್ಲೇ ಹೀಗೆ.

ಇಷ್ಟು ಹೇಳಿದೆ ಅಂತ ಕಾನ್ವೆಂಟೇ ಸ್ವರ್ಗ ಅಂದುಕೊಳ್ಳಬೇಡಿ. ಸಿಸ್ಟರ್‌ಗಳು ತೊಡುವ ವ್ರತ ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ನಮ್ಮ ಕಂಪನಿಗಳ ಪ್ರೊಬೇಷನ್ ಆರು ತಿಂಗಳು. ಇವರಿಗೆ ಕನಿಷ್ಠ ಒಂದು ವರ್ಷದ ನೊವಿಶಿಯೇಟ್, ಆಮೇಲೆ ಕನಿಷ್ಠ ಮೂರು ವರ್ಷದ ತಾತ್ಕಾಲಿಕ ವ್ರತ, ಕಡೆಗೆ ಶಾಶ್ವತ ವ್ರತ. ಬಡತನದ ವ್ರತ ಅಂದ್ರೆ ದುಡಿದ ಸಂಬಳವೂ ಅವರದಲ್ಲ, ಸಂಸ್ಥೆಯದು. ಹಾಗಿದ್ದ ಮೇಲೆ ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಸಿಸ್ಟರ್‌ಗಳ ಸಂಬಳದಲ್ಲಿ ಟಿಡಿಎಸ್ ಯಾಕೆ ಹಿಡಿಯಬೇಕು ಅಂತ ವರ್ಷಗಟ್ಟಲೆ ಕೇಸು ನಡೆಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಿಡಿಯಲೇಬೇಕು ಅಂದಿತು. ಕೈಗೆ ಬಾರದ ಸಂಬಳಕ್ಕೆ ಫಾರ್ಮ್ 16!

ಎಲ್ಲಕ್ಕಿಂತ ಭಾರ ಮೂರನೆಯ ವ್ರತ. 2018ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಐವರು ಸಿಸ್ಟರ್‌ಗಳು ತಮ್ಮ ಜೊತೆಗಾತಿಯ ಪರವಾಗಿ, ಒಬ್ಬ ಬಿಷಪ್ಪರ ವಿರುದ್ಧ ಬೀದಿಯಲ್ಲಿ ಧರಣಿ ಕೂತರು. 2022ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿತು. ಕೋರ್ಟಿನ ವಿಷಯ ಕೋರ್ಟಿಗಿರಲಿ. ಹೇಳಿದ್ದನ್ನು ಕೇಳುತ್ತೇನೆ ಅಂತ ದೇವರ ಮುಂದೆ ಮಾತು ಕೊಟ್ಟ ಹೆಂಗಸರು ರಸ್ತೆಗೆ ಬಂದು ಕೂರಲು ಎಷ್ಟು ಗುಂಡಿಗೆ ಬೇಕು ಅನ್ನೋದನ್ನು ಮಾತ್ರ ಯೋಚಿಸಿ. ಬೇಕಂತಲೇ ಫೇಲಾಗು ಅಂದ ಮದರ್ ಮುಂದೆ ಲ್ಯೂಕ್ ರಾತ್ರಿಯಿಡೀ ಒದ್ದಾಡಿದ್ದು ಯಾಕೆ ಅಂತ ಆಗ ತಿಳಿಯುತ್ತದೆ. ಈ ಒದ್ದಾಟವನ್ನು ಸಿನಿಮಾ ಪೂರ್ತಿ ಹಿಡಿದಿದೆ, ಅದರಲ್ಲಿ ಎರಡು ಮಾತಿಲ್ಲ.

ಅದು ಹಿಡಿಯದೇ ಬಿಟ್ಟಿದ್ದನ್ನು ನನಗೆ ಹೇಳಿದ್ದು ಅಕ್ಕ. ಆ ರಾತ್ರಿ ಸಿನಿಮಾ ಮುಗಿಯುವ ಹೊತ್ತಿಗೆ ನನ್ನ ಫೋನಿನಲ್ಲಿ ಅಲರ್ಟ್ ಬಂತು. ಎಲ್ಲೋ ಒಂದು ಸರ್ವರ್ ಬಿದ್ದಿತ್ತು. ಎದ್ದು ಕೂತೆ. ಆಗ ಹೊಳೀತು: ನನಗೂ ಒಂದು ಗಂಟೆ ಇದೆ, ಆದರೆ ಅದು ಬಾರಿಸಿದರೆ ಕೆಲಸಕ್ಕೆ ಏಳಬೇಕು. ಆ ಸಿಸ್ಟರ್ ಗಂಟೆ ಬಾರಿಸಿದರೆ ಕೆಲಸದಿಂದ ಏಳಬೇಕು. ಕೆಲಸ ಎಷ್ಟೇ ದೊಡ್ಡದಿರಲಿ, ನಿನ್ನ ಬದುಕು ಅದರಲ್ಲೇ ಮುಗಿಯುವುದಿಲ್ಲ ಅಂತ ದಿನಾ ನೆನಪು ಮಾಡುವ ಗಂಟೆ ಅದು. ಮತ್ತೆ ಅವರು ವಾರ್ಡನ್ನು ಹಾಗೇ ಬಿಟ್ಟು ಹೋಗುತ್ತಿರಲಿಲ್ಲ, ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗುತ್ತಿದ್ದರು. ಒಪ್ಪಿಸಿಕೊಳ್ಳುವವರು ಇದ್ದರು.

ಅಕ್ಕನಿಗೆ ಇಲ್ಲದ್ದು ಅದೇ.

ಅಕ್ಕ ಡಿಎಡ್ ಮಾಡಿದಾಕಿ. ಅವ್ವ ಬಿದ್ದ ಮೇಲೆ ಖಾಸಗಿ ಸಾಲಿಯ ನೌಕರಿ ಬಿಟ್ಟಳು. ಮದುವೆ ಮಾತು ಬಂದು ಬಂದು ನಿಂತುಹೋಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆ, ಮೂರೂ ವ್ರತ ಆಕೆಯ ಪಾಲಿಗೆ ಬಂದವು. ನಿನಗೆ ಒಪ್ಪಿಗೆಯೇ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೊವಿಶಿಯೇಟ್ ಇಲ್ಲ, ಹೊರಗೆ ನಡೆಯಲು ಗುಂಡಿ ಒತ್ತಿ ತೆರೆಯುವ ಬಾಗಿಲೂ ಇಲ್ಲ. ಇಷ್ಟಲಿಂಗ ಹಿಡಿದು ಕೂತರೆ ಐದು ನಿಮಿಷಕ್ಕೆ ಅವ್ವ ಕೂಗುತ್ತಾಳೆ. ನಾನು ತಿಂಗಳಿಗೊಮ್ಮೆ ರೊಕ್ಕ ಹಾಕಿ, ಗೆಳೆಯರ ಮುಂದೆ "ನಮ್ಮ ಅಕ್ಕ ಮದರ್ ತೆರೇಸಾ ಇದ್ದಂಗ" ಅನ್ನುತ್ತಿದ್ದೆ. ಹೊಗಳಿಕೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದು ನಾನು ಊರಿಗೆ ಹೋಗದೇ ಇರಲು ಕಂಡುಕೊಂಡ ಸೋವಿ ದಾರಿ.

ಸಿಸ್ಟರ್‌ಗಳ ತ್ಯಾಗವನ್ನು ಹೊಗಳುವಾಗ ನಾವೆಲ್ಲಾ ಮಾಡೋದು ಇದನ್ನೇ ಇರಬೇಕು. ಅವರು ನಮಗೆ ಕೊಟ್ಟಿದ್ದನ್ನು ಎಣಿಸುತ್ತೇವೆ. ತಮಗಂತ ಉಳಿಸಿಕೊಂಡಿದ್ದನ್ನು ನೋಡುವುದಿಲ್ಲ. ಎಷ್ಟು ಕಷ್ಟದ ನಿಯಮಗಳ ನಡುವೆಯೂ, ಮನೆ ಮಂದಿಯಾಗಲಿ ಡಾಕ್ಟರಾಗಲಿ ರೋಗಿಯಾಗಲಿ ಕಸಿದುಕೊಳ್ಳಲಾರದ ಒಂದು ಹೊತ್ತು ಅವರಿಗಿತ್ತು. ಆ ಹೊತ್ತಿಗೆ ದೇವರ ಹೆಸರಿತ್ತು, ಅದಕ್ಕೇ ಯಾರೂ ಅಡ್ಡ ಬರುವಂತಿರಲಿಲ್ಲ. 'ದಿ ನನ್ಸ್ ಸ್ಟೋರಿ'ಯನ್ನು ಖಂಡಿತ ನೋಡಿ, ಎರಡೂವರೆ ತಾಸು ದಂಡ ಆಗುವುದಿಲ್ಲ. ಆದರೆ ಗಂಟೆ ಬಾರಿಸಿದಾಗ ಒಂದು ಸಲವಾದರೂ ಗಂಟೆಯ ಕಡೆಯಿಂದ ನೋಡಿ.

ಈ ಸಲ ದೀಪಾವಳಿಗೆ ಹತ್ತು ದಿನ ಕನ್ನೊಳ್ಳಿಯಲ್ಲಿದ್ದೆ. ಅವ್ವನನ್ನು ಹೊರಳಿಸೋದು, ಬೆನ್ನಿಗೆ ಪೌಡರ್ ಹಾಕೋದು ಅಕ್ಕನಿಂದ ಕಲಿತೆ. ಸಂಜೆ ಆರಕ್ಕೆ ನಾನು ಅವ್ವನ ಮಂಚದ ಹತ್ತಿರ ಕೂತು, ಆಕೆಯನ್ನು ಏಳಿಸಿ ಕಳಿಸುತ್ತಿದ್ದೆ. ಮೊದಲ ದಿನ ಅಕ್ಕ ಪಡಸಾಲೆಯಲ್ಲಿ ಎರಡು ಸಲ ಸುಮ್ಮನೆ ಅಡ್ಡಾಡಿದಳು, ಮತ್ತೆ ಒಳಗೆ ಬರಲು ನೋಡಿದಳು. ನಾನು ಬ್ಯಾಡ ಅಂದೆ. ಆಮೇಲಿನ ದಿನಗಳಲ್ಲಿ ಬಾಗಿಲು ಮುಂದೆ ಮಾಡಿಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು, ಏಳರ ತನಕ.

ಆ ಒಂದು ತಾಸು ಏನು ಮಾಡುತ್ತಿದ್ದಳು ಅಂತ ನಾನು ಕೇಳಲಿಲ್ಲ.