ಮುಟ್ಟಾಟದ ಹುಡುಗರು ಬರೆಯಲು ಕೂತಾಗ

ನಂಜನಗೂಡು, ಟಿ. ನರಸೀಪುರದ ಕಡೆಯ ಹುಡುಗರು ಬರೆದ ಪದ್ಯಗಳನ್ನು ಒಂದು ಕಟ್ಟು ಓದಿ ಮುಗಿಸಿದ ಮೇಲೆ ನಮಗೊಂದು ಅನುಮಾನ ಹತ್ತಿದೆ. ಈ ಹುಡುಗರು ಆಟ ಆಡೋದೇ ಇಲ್ಲವೆ? ಪದ್ಯದಲ್ಲಿ ಹಸಿವಿದೆ, ಚಾಟಿಯಿದೆ, ಧಣಿ ಇದ್ದಾನೆ, ಸುಡುವ ಸೂರ್ಯ ಇದ್ದಾನೆ, ಕೊನೆಯ ಸಾಲಿನಲ್ಲಿ ತಪ್ಪದೆ ಕ್ರಾಂತಿ ಬರುತ್ತದೆ. ಇದ್ಯಾವುದೂ ಸುಳ್ಳಲ್ಲ. ಆದರೆ ಇದನ್ನು ಬರೆದ ಹುಡುಗ ಭಾನುವಾರ ಬೆಳಿಗ್ಗೆ ಎಲ್ಲಿರುತ್ತಾನೆ ಅನ್ನೋದು ನಮಗೆ ಗೊತ್ತು. ಕಟಾವಾದ ಗದ್ದೆಯಲ್ಲಿ ಟೆನಿಸ್ ಬಾಲಿನ ಹಿಂದೆ ಓಡುತ್ತಿರುತ್ತಾನೆ. ಇಲ್ಲವೇ ನಾಲೆಯಲ್ಲಿ ಈಜು ಬಿದ್ದಿರುತ್ತಾನೆ. ಸುತ್ತೂರು ಜಾತ್ರೆ ಬಂದರೆ ಕುಸ್ತಿ ಅಖಾಡದ ಹಗ್ಗ ಹಿಡಿದು ನಿಂತಿರುತ್ತಾನೆ. ಪದ್ಯ ಬರೆಯೋಕೆ ಕೂತ ತಕ್ಷಣ ಇವೆಲ್ಲ ಎಲ್ಲಿಗೆ ಹೋಗುತ್ತವೆ?

ವಾರದ ಉಳಿದ ದಿನಗಳೂ ಪದ್ಯದೊಳಗೆ ಕಾಣುವುದಿಲ್ಲ. ಇವರಲ್ಲಿ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಟ್ರಾಕ್ಟ್ ಲೇಬರ್ ಆಗಿ ನೈಟ್ ಶಿಫ್ಟ್ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗುವವನಿದ್ದಾನೆ. ಬಸ್ಸಿನಲ್ಲಿ ನಿಂತುಕೊಂಡೇ ಮೈಸೂರಿನ ಕಾಲೇಜಿಗೆ ಹೋಗಿ ಬರುವವನಿದ್ದಾನೆ. ಹಾಸ್ಟೆಲಿನಲ್ಲಿ ಕೆ.ಎ.ಎಸ್.ಗೆ ಓದ್ತಾ ಇದ್ದೀನಿ ಅಂತ ಅವ್ವನಿಗೆ ಹೇಳಿ, ರಾತ್ರಿ ಕಥೆ ಪುಸ್ತಕ ಓದುವವನಿದ್ದಾನೆ. ನಾಲೆಗೆ ನೀರು ಬಿಟ್ಟಾಗ ಎಲ್ಲ ಬಿಟ್ಟು ಅಪ್ಪನ ಜೊತೆ ಗದ್ದೆಗೆ ಇಳಿಯುವವನೂ ಇದ್ದಾನೆ. ಇವರ ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರೂ ಇದೆ, ಅಂಬೇಡ್ಕರರ ಭಾಷಣವೂ ಇದೆ. ಇಷ್ಟು ಬಗೆಬಗೆಯ ದಿನಗಳನ್ನು ಕಳೆಯುವವರು ಬರೆದಾಗ ಮಾತ್ರ ಎಲ್ಲರೂ ಒಬ್ಬನೇ ಹುಡುಗ ಆಗಿಬಿಡುತ್ತಾರೆ.

ಕೇಳಿದರೆ ಉತ್ತರ ಸಿದ್ಧವಾಗಿದೆ. "ಅಣ್ಣ, ಬದನವಾಳು ಇರೋ ತಾಲ್ಲೂಕಲ್ಲಿ ಕೂತ್ಕಂಡು ಕ್ರಿಕೆಟ್ ವಿಷ್ಯ ಬರೀಲಾ?"

ಈ ಪ್ರಶ್ನೆಯನ್ನು ತಮಾಷೆ ಮಾಡಿ ತಳ್ಳುವ ಹಾಗಿಲ್ಲ. ಬದನವಾಳು ಗಾಂಧಿ ಬಂದು ಹೋದ ಊರು, ಖಾದಿ ಕೇಂದ್ರ ಇರುವ ಊರು. 1993ರ ಮಾರ್ಚ್ ತಿಂಗಳಲ್ಲಿ, ದೇವಸ್ಥಾನ ಪ್ರವೇಶದ ತಕರಾರು ಬೆಳೆದು, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಆಗ ಹುಟ್ಟಿಯೇ ಇರದ ಹುಡುಗರೂ ಆ ಹೆಸರನ್ನು ಹೊತ್ತುಕೊಂಡು ಬರೆಯಲು ಕೂರುತ್ತಾರೆ. ಅಂಥ ನೆಲದಲ್ಲಿ ಸಿಕ್ಸರ್ ಹೊಡೆದ ಖುಷಿಯನ್ನು ಬರೆಯೋಕೆ ಕೈ ನಾಚಿಕೊಳ್ಳುತ್ತದೆ. ಈ ನಾಚಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಅದು ಬರವಣಿಗೆಯನ್ನು ಎಲ್ಲಿಗೆ ಒಯ್ಯುತ್ತಿದೆ ಅಂತ ನೋಡಲೇಬೇಕು. ಸಭೆಯಲ್ಲಿ ಚಪ್ಪಾಳೆ ಬೀಳುವ ನಾಲ್ಕಾರು ಪದಗಳು ಸಿಕ್ಕಿವೆ, ಅವನ್ನೇ ಹಿಂದುಮುಂದು ಜೋಡಿಸಿದರೆ ಪದ್ಯ ಆಗುತ್ತದೆ. ಸತ್ತವರಿಗೂ ಇದರಿಂದ ಏನೂ ಸಿಕ್ಕಂತಾಗಲಿಲ್ಲ. ಅವರೂ ಉಂಡು, ನಕ್ಕು, ಆಡಿ, ಜಗಳ ಆಡಿ ಬದುಕಿದ್ದವರು. ಪದ್ಯದಲ್ಲಿ ಅವರು ಬರೀ ಹೆಣ ಆಗಿ ಬರುತ್ತಾರೆ.

ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವರು 'ದ್ಯಾವನೂರು' ಸಂಕಲನ ಹೊರತಂದದ್ದು 1973ರಲ್ಲಿ. ಆಗ ಅವರಿಗೆ 25ರ ಪ್ರಾಯ, ಅಂದರೆ ಈಗ ನಮಗೆ ಪದ್ಯ ಕಳಿಸುವವರ ವಯಸ್ಸೇ. ಅವರ 'ಅಮಾಸ' ಕಥೆಯನ್ನು ಈ ಹುಡುಗರು ಇನ್ನೊಂದು ಸಲ ಓದಬೇಕು. ಅಮಾಸ ಕಪ್ಪು ಹುಡುಗ, ತಬ್ಬಲಿ. ಮಾರಿಗುಡಿಯೇ ಅವನ ಮನೆ, ಕುರಿಯಯ್ಯ ಅನ್ನುವ ಮುದುಕನೇ ದಿಕ್ಕು. ದುಃಖದ ಕಥೆ ಬರೆಯೋಕೆ ಇನ್ನೇನು ಬೇಕು? ಆದರೆ ಕಥೆ ಆ ದಾರಿ ಹಿಡಿಯುವುದಿಲ್ಲ. ಮಾರಿಹಬ್ಬ ಬರುತ್ತದೆ, ಹುಡುಗ ಹುಲಿವೇಷ ಹಾಕಿ ಕುಣಿಯುತ್ತಾನೆ. ಎಂಥಾ ಕುಣಿತ! ಯಾರ ಕಣ್ಣಿಗೂ ಬೀಳದೆ ಗುಡಿಯ ಮೂಲೆಯಲ್ಲಿ ಬೆಳೆದವನನ್ನು ಆವತ್ತು ಇಡೀ ಊರು ನೋಡುತ್ತದೆ. ಆ ಹುಡುಗ ಯಾರದು ಅಂತ ದೊಡ್ಡ ಮನೆಯವರೂ ಕೇಳಬೇಕಾಗುತ್ತದೆ. ಇಲ್ಲಿ ಘೋಷಣೆ ಇಲ್ಲ. ಒಂದು ಎಳೆಯ ಮೈ ಮನಸಾರೆ ಆಡಿದೆ, ಅಷ್ಟೆ. ಆ ಮೈಗೆ ಊರು ಇಷ್ಟು ದಿನ ಎಲ್ಲಿ ಜಾಗ ಕೊಟ್ಟಿತ್ತು ಅನ್ನುವ ಪ್ರಶ್ನೆ ಓದುವವನಿಗೆ ತಾನಾಗಿ ಹುಟ್ಟುತ್ತದೆ. ಕುಣಿತವನ್ನು ತೆಗೆದುಹಾಕಿ ಬರೀ ತಬ್ಬಲಿತನ ಉಳಿಸಿದ್ದರೆ ಆ ಪ್ರಶ್ನೆಯೂ ಹೋಗುತ್ತಿತ್ತು.

'ಒಡಲಾಳ'ವೂ ಹಾಗೇ. ಸಾಕವ್ವನ ಹುಂಜ ಕಳೆದುಹೋಗಿದೆ, ಮನೆಯಲ್ಲಿ ಬಡತನ ಕಾಲು ಚಾಚಿ ಮಲಗಿದೆ. ಸಾವ್ಕಾರನ ಕಡಲೆಕಾಯಿ ಮೂಟೆ ರಾತ್ರಿ ಆ ಮನೆಗೆ ಬಂದಾಗ ಮಕ್ಕಳು ಮುದುಕರೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರಲ್ಲ, ಅದು ಹಸಿವಿನ ಚಿತ್ರವೂ ಹೌದು, ಹಬ್ಬದ ಚಿತ್ರವೂ ಹೌದು. ಆ ಮನೆಯ ಗೋಡೆಯ ಮೇಲೆ ಒಂದು ಹುಡುಗಿ ನವಿಲು ಬರೆಯುತ್ತಾಳೆ. ಆಮೇಲೆ ಪೊಲೀಸರು ಬರುತ್ತಾರೆ. ನವಿಲು ಇರುವ ಮನೆಗೆ ಪೊಲೀಸರು ಬಂದರು ಅನ್ನುವುದಕ್ಕೂ ಬಡವರ ಮನೆಗೆ ಪೊಲೀಸರು ಬಂದರು ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲವೆ ಗೆಳೆಯರೆ?

ಬಾಬಾಸಾಹೇಬರೇ ಇದನ್ನು ಮಾಡಿ ತೋರಿಸಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ತಮ್ಮ ಬಾಲ್ಯದ ಪ್ರಯಾಣವನ್ನು ಹೇಳುವಾಗ ಅವರು ಅವಮಾನದಿಂದ ಶುರು ಮಾಡುವುದಿಲ್ಲ. ಅಪ್ಪನ ಬಳಿಗೆ ಹೋಗುವ ಸಂಭ್ರಮ, ಹೊಸ ಅಂಗಿ, ಹೊಳೆಯುವ ಟೋಪಿ, ಹೊಸ ಚಪ್ಪಲಿ, ಮೊದಲ ಸಲ ರೈಲು ನೋಡುವ ಆಸೆ, ಎಲ್ಲವನ್ನೂ ಬಿಡದೆ ಬರೆಯುತ್ತಾರೆ. ಆಮೇಲೆ ಸ್ಟೇಷನ್ ಮಾಸ್ತರನಿಗೆ ಜಾತಿ ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಕುಡಿಯಲು ನೀರಿಲ್ಲ. ಆ ಹೊಸ ಟೋಪಿ ಇರುವುದರಿಂದಲೇ ನಮಗೆ ಆ ಬಾಯಾರಿಕೆ ತಿಳಿಯುತ್ತದೆ.

ಇದನ್ನು ಕೇಳಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ. ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಬರುವ ಬಾಲ್ಯದ ನೆನಪುಗಳನ್ನು ನೋಡಿ. ಚಿನ್ನಿದಾಂಡು, ಗೋಲಿ, ಬುಗುರಿ, ಮಾವಿನ ತೋಪು, ಎಲ್ಲರೂ ಕೂಡಿ ಆಡಿದ್ದೇ ಆಡಿದ್ದು. ಆಟ ಮುಗಿದ ಮೇಲೆ ನೀರು ಯಾರು ಕೊಟ್ಟರು, ಹೇಗೆ ಕೊಟ್ಟರು ಅನ್ನೋದು ಮಾತ್ರ ಅಲ್ಲಿ ಬರುವುದಿಲ್ಲ. ಹೆಣ್ಣುಮಕ್ಕಳು ಎಷ್ಟನೇ ವಯಸ್ಸಿಗೆ ಕುಂಟೆಬಿಲ್ಲೆ ಬಿಟ್ಟು ಕಳೆ ಕೀಳೋಕೆ ಹೋದರು ಅನ್ನೋದೂ ಬರುವುದಿಲ್ಲ. ಅಂಥ ಬರವಣಿಗೆ ನಮಗೆ ಬೇಡ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಇಡೀ ಆಟ ನಿಂತಿರುವುದು ಮುಟ್ಟುವುದರ ಮೇಲೆ. ಒಂದೇ ಉಸಿರಿನಲ್ಲಿ ಗೆರೆ ದಾಟಿ ಹೋಗಬೇಕು, ಎದುರಿನವನನ್ನು ಮುಟ್ಟಬೇಕು, ವಾಪಸ್ ಬರಬೇಕು. ಮುಟ್ಟಿಸಿಕೊಂಡವನು ಔಟ್. ಗೆರೆ, ಮುಟ್ಟು, ಹೊರಗೆ ಎಂಬ ಈ ಮೂರು ಮಾತನ್ನೂ ನಮ್ಮ ಊರು ಕೇರಿಗಳು ಎಷ್ಟೋ ತಲೆಮಾರಿನಿಂದ ಬಲ್ಲವು. ಸ್ಕೂಲ್ ಮೈದಾನದಲ್ಲಿ ಊರಿನ ಹುಡುಗ ಕೇರಿಯ ಹುಡುಗನ ಕಾಲು ಹಿಡಿದು ಎಳೆಯಲೇಬೇಕು, ಇಲ್ಲದಿದ್ದರೆ ಪಾಯಿಂಟ್ ಹೋಗುತ್ತದೆ. ಕೇರಿಯವನು ಅವನ ಎದೆಯ ಮೇಲೆ ಬಿದ್ದು ಗೆರೆ ಮುಟ್ಟುತ್ತಾನೆ. ಸೀಟಿ ಊದಿದ ಮೇಲೆ ಅದೇ ಹುಡುಗರು ಯಾರ ಮನೆ ಜಗಲಿವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು? ಹಳ್ಳಿಯ ಮೇಷ್ಟ್ರುಗಳೆ, ಇದನ್ನು ನೀವು ದಿನಾ ಸಂಜೆ ನೋಡುತ್ತೀರಿ. ನಿಮ್ಮ ಕ್ಲಾಸಿನ ಹುಡುಗನಿಗೆ ಪ್ರಬಂಧ ಕೊಡುವಾಗ 'ನನ್ನ ಮೆಚ್ಚಿನ ಆಟ' ಅಂತ ಕೊಡುವುದೂ ನೀವೇ. ಅವನು ಅದರಲ್ಲಿ ಆಟದಿಂದ ಆರೋಗ್ಯ ವೃದ್ಧಿಸುತ್ತದೆ ಅಂತ ಬರೆದು ಮುಗಿಸುತ್ತಾನೆ.

ಆಟ ಅಂದರೆ ಕಾಲಹರಣ ಅನ್ನುವವರಿಗೆ ಪಾಲ್ವಂಕರ್ ಬಾಲೂ ಅವರ ಬದುಕನ್ನು ನೆನಪಿಸಬೇಕು. ಚಮ್ಮಾರ ಜಾತಿಯ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತ ಬೌಲಿಂಗ್ ಕಲಿತವರು. ಬಿಳಿಯರನ್ನು ಸೋಲಿಸೋಕೆ ಹಿಂದೂ ತಂಡಕ್ಕೆ ಅವರ ಎಡಗೈ ಬೇಕಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಅವರು 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ತಮ್ಮ ವಿಠ್ಠಲನಿಗೆ ಬಂದದ್ದು 1923ರಲ್ಲಿ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಇದೇ ಬಾಲೂ ಅವರನ್ನು ಅಂಬೇಡ್ಕರರ ಎದುರು ನಿಲ್ಲಿಸಿತು, ಬಾಲೂ ಸೋತರು. ಅದು ಬೇರೆಯೇ ಒಂದು ನೋವಿನ ಕಥೆ. ನಮಗೆ ಇಲ್ಲಿ ಮುಖ್ಯವಾದದ್ದು ಏನೆಂದರೆ, ವಿಠ್ಠಲ ತನ್ನ ಆಟದ ಬದುಕನ್ನು ಮರಾಠಿಯಲ್ಲಿ ತಾನೇ ಬರೆದ, 1948ರಲ್ಲಿ ಅದು ಪುಸ್ತಕವಾಯಿತು. ಬಾಬಾಸಾಹೇಬರ ಕಾಲದಲ್ಲೇ ಒಬ್ಬ ಅಸ್ಪೃಶ್ಯ ಆಟಗಾರನಿಗೆ ತನ್ನ ಬ್ಯಾಟು ಬಾಲಿನ ವಿಷಯ ಬರೆಯಲು ತಕ್ಕದ್ದು ಅನ್ನಿಸಿತ್ತು.

ಇನ್ನು ಎರಡನೇ ಅನುಮಾನ. "ಬರೆದು ಏನಾಗುತ್ತೆ ಬುಡಿ ಅಣ್ಣ, ಅರ್ಜಿ ಬರೆದ್ರೆ ಒಂದು ಕೆಲ್ಸನಾದ್ರೂ ಆಯ್ತದೆ." ಇದನ್ನು ಹೇಳುವ ಹುಡುಗ ತಾನು ಬರಹಗಾರನಾಗಲು ನಾಲಾಯಕ್ಕು ಅಂತ ತಿಳಿದಿದ್ದಾನೆ. ನಮಗೆ ಹಾಗೆ ಕಾಣುವುದಿಲ್ಲ. ಮಹಾದೇವರ ಕಥನದ ಪುಸ್ತಕಗಳು ಮೂರೇ ಮೂರು. 'ದ್ಯಾವನೂರು' ಮತ್ತು 'ಒಡಲಾಳ' ಎಪ್ಪತ್ತರ ದಶಕದವು, 'ಕುಸುಮಬಾಲೆ' ಎಂಬತ್ತರ ದಶಕದ್ದು. ಆಮೇಲೆ ಕಾದಂಬರಿ ಇಲ್ಲ. 2012ರಲ್ಲಿ 'ಎದೆಗೆ ಬಿದ್ದ ಅಕ್ಷರ' ಬಂತು, ಅದು ಲೇಖನ ಭಾಷಣಗಳ ಪುಸ್ತಕ. ಯಾಕೆ ಬರೆಯಲಿಲ್ಲ ಅಂತ ಸಾಹಿತ್ಯದ ಪ್ರೊಫೆಸರುಗಳು ಹಲುಬಿದ್ದೇ ಹಲುಬಿದ್ದು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಸಿದ್ದಲಿಂಗಯ್ಯನವರು ಬೇರೆ ದಾರಿ ಹಿಡಿದರು. 1975ರ 'ಹೊಲೆಮಾದಿಗರ ಹಾಡು' ಮೆರವಣಿಗೆಗಳಲ್ಲೇ ಬೆಳೆಯಿತು. ಅವರೇ ಮುಂದೆ 'ಊರುಕೇರಿ'ಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ಹಾಡಿದವನಿಗೂ ತಡೆದು ತಡೆದು ಬರೆದವನಿಗೂ ಬರೆದು ಏನಾಗುತ್ತದೆ ಎಂಬ ಪ್ರಶ್ನೆ ಇತ್ತು, ಇಬ್ಬರೂ ಅದಕ್ಕೆ ತಮ್ಮ ತಮ್ಮ ಬದುಕಿನಿಂದ ಉತ್ತರ ಹುಡುಕಿದರು. ಹಾಗಂತ, ಮಹಾದೇವರು ಕಡಿಮೆ ಬರೆದರು, ನಾವು ಬರೆಯೋದೇ ಬೇಡ ಅಂತ ಯಾರೂ ಟೀ ಅಂಗಡಿಯಲ್ಲಿ ಕೂರಬಾರದು. ಅವರು ಕಡಿಮೆ ಬರೆದದ್ದು ಬರೆದಾದ ಮೇಲೆ!

ಅನುಮಾನ ಹುಟ್ಟಬೇಕಾದ ಕಡೆ ಇನ್ನೊಂದಿದೆ, ಅಲ್ಲಿ ನಮ್ಮ ಹುಡುಗರಿಗೆ ಅನುಮಾನವೇ ಇಲ್ಲ. ಅದು ಭಾಷೆ. 'ಕುಸುಮಬಾಲೆ' ಬಂದಾಗ ಇದನ್ನು ಕನ್ನಡಕ್ಕೆ ಅನುವಾದ ಮಾಡಿ ಅಂತ ಗೇಲಿ ಮಾಡಿದವರಿದ್ದರು. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೀಪದ ಜೋತಮ್ಮಗಳು ರಾತ್ರಿ ಸೇರಿ ಸುಖದುಃಖ ಮಾತಾಡುವ ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. (ಅದೇ ವರ್ಷ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿಯೂ ಸೇರಿತು, ಎರಡೂ ಹಳ್ಳಿಯಿಂದ ಹೋದವೇ.) ಆ ಮಾತು ನಮ್ಮ ಹುಡುಗರ ಮನೆಯ ಮಾತು. ಆದರೆ ಪೆನ್ನು ಹಿಡಿದರೆ ಅವರು ಪಠ್ಯಪುಸ್ತಕದ ಕನ್ನಡವನ್ನೇ ಬರೆಯುತ್ತಾರೆ.

ನರಸೀಪುರದ ಕಡೆಯಿಂದ ಬಂದ ಒಂದು ಪದ್ಯದ ಹಿಂಬದಿಯಲ್ಲಿ ಗದ್ಯದ ಒಂದು ಪುಟ ಸಿಕ್ಕಿತು. ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾನೆ. ಕೇರಿ ಟೀಮಿಗೂ ಊರ ಟೀಮಿಗೂ ಮ್ಯಾಚು. ಚೆಂಡು ಹೋಗಿ ಗುಡಿಯ ಕಾಂಪೌಂಡಿನೊಳಗೆ ಬಿದ್ದಿದೆ. ಹೊಡೆದವನು ಊರವನು, ಆ ಕಡೆ ಫೀಲ್ಡಿಂಗ್ ನಿಂತವನು ಕೇರಿಯವನು. ಆಟದ ರೂಲಿನ ಪ್ರಕಾರ ಇವನೇ ಹೋಗಿ ತರಬೇಕು. 22 ಜನ ನಿಂತು ಗುಡಿಯ ಕಡೆ ನೋಡುತ್ತಾರೆ. ಅಷ್ಟಕ್ಕೇ ಗೆರೆ ಎಳೆದಿದ್ದಾನೆ. ಪದ್ಯಕ್ಕಿಂತ ಈ ಪುಟ ನಮ್ಮನ್ನು ಹಿಡಿದು ನಿಲ್ಲಿಸಿತು. ಆದರೆ ಅಲ್ಲೂ "ಚೆಂಡನ್ನು ಯಾರು ತರಬೇಕೆಂಬ ಪ್ರಶ್ನೆ ಉದ್ಭವಿಸಿತು" ಅಂತ ಬರೆದಿದ್ದಾನೆ. ಮೈದಾನದಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲಪ್ಪ, "ಯಾರ್ಲಾ ತರೋರು?" ಅಂತ ಒಬ್ಬ ಕೂಗುತ್ತಾನೆ. ಯಾರು ಕೂಗಿದ, ಊರವನೋ ಕೇರಿಯವನೋ? ಅಷ್ಟು ಹೊತ್ತಿನವರೆಗೆ ಒಬ್ಬರನ್ನೊಬ್ಬರು 'ಮಗ' ಅಂತ ಕರೆಯುತ್ತಿದ್ದವರು ಆಗ ಏನಂತ ಕರೆದುಕೊಂಡರು? ಆ ಪುಟವನ್ನು ಮುಂದುವರಿಸಿ ಕಳಿಸು ಅಂತ ಅವನಿಗೆ ಕಾಗದ ಹಾಕಿದ್ದೇವೆ. ಏಪ್ರಿಲ್ 14ರ ಜಯಂತಿ ಟೂರ್ನಮೆಂಟು ಇದೆ, ಮುಗಿದ ಮೇಲೆ ಬರೀತೀನಿ ಅಂದಿದ್ದಾನೆ.